ಗಿಟಾರಿಗೆ ಹೊಸ ಪಿಕಪ್ ತರೋ ಮುಂಚೆ ಹಳೇದು ಯಾವುದು ಅಂತ ನೋಡಿ

 

ಇವತ್ತಿನ ವಿಷಯ ಎಲೆಕ್ಟ್ರಿಕ್ ಗಿಟಾರಿನ ಪಿಕಪ್. ಅದನ್ನ ಬದಲಿಸಬೇಕಾ, ಬದಲಿಸೋದಾದ್ರೆ ಯಾವುದನ್ನ ತರಬೇಕು? ನಮ್ಮಲ್ಲಿ ಬಹಳ ಜನ ಕೆಲಸಕ್ಕೆ ಸೇರಿದ ಒಂದೆರಡು ವರ್ಷದಲ್ಲಿ ಗಿಟಾರ್ ತಗೋತಾರೆ. ಆಮೇಲೆ ಒಂದು ದಿನ "ಸೌಂಡ್ ಯಾಕೋ ಸರಿಯಿಲ್ಲ" ಅನ್ಸುತ್ತೆ. ನೆಟ್‌ನಲ್ಲಿ ಹುಡುಕಿದ್ರೆ ಎಲ್ಲರೂ "ಪಿಕಪ್ ಚೇಂಜ್ ಮಾಡಿ" ಅಂತಾರೆ. ಹೊರಗಿಂದ ಬರೋ ಒಳ್ಳೇ ಬ್ರ್ಯಾಂಡಿನ ಒಂದೇ ಒಂದು ಪಿಕಪ್ ಇಲ್ಲಿ ಒಂದು ಎಂಟ್ರಿ ಲೆವೆಲ್ ಗಿಟಾರಿನ ಬೆಲೆಯ ಆಸುಪಾಸಿಗೆ ಬಂದು ನಿಲ್ಲುತ್ತೆ. ಮೂರು ಬೇಕು ಅಂದ್ರೆ ಲೆಕ್ಕ ನೀವೇ ಹಾಕಿ.

ನಾನು ಇವತ್ತು ಹೇಳೋಕೆ ಹೊರಟಿರೋದು ಒಂದೇ ಮಾತು. ಬಾಕ್ಸಿನ ಮೇಲೆ ಬರೆದಿರೋದನ್ನ ಓದಿ ಪಿಕಪ್ ಆರಿಸೋಕೆ ಆಗಲ್ಲ. ನಿಮ್ಮ ಗಿಟಾರಿನಲ್ಲಿ ಈಗ ಇರೋದು ಏನು, ಅದರಲ್ಲಿ ಕೊರತೆ ಏನು ಅಂತ ಗೊತ್ತಾದ ಮೇಲೆ ಆಯ್ಕೆ ತಾನಾಗಿ ಸಣ್ಣದಾಗುತ್ತೆ.

ಮೇಜಿನ ಮೇಲೆ ಇರೋ ಈ ಗಿಟಾರ್ ನಮ್ಮ ಟೀಮಿನ ಹುಡುಗನದು. ಶಿವಮೊಗ್ಗದವನು, ವಾಕಡ್‌ನಲ್ಲಿ ಇನ್ನೂ ಮೂರು ಜನರ ಜೊತೆ ಫ್ಲ್ಯಾಟಿನಲ್ಲಿದಾನೆ. ಸ್ಟ್ರಾಟ್ ಆಕಾರದ ಗಿಟಾರ್. ನೆಕ್ ಹತ್ರ ಒಂದು, ಮಧ್ಯ ಒಂದು ಸಿಂಗಲ್ ಕಾಯಿಲ್, ಬ್ರಿಜ್ ಹತ್ರ ಒಂದು ಹಮ್‌ಬಕರ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮಾರಿದವರು "ಬ್ರಿಜ್‌ಗೆ ಸೆಮೂರ್ ಡಂಕನ್ ಜೆಬಿ ಹಾಕಿಸಿದೀನಿ" ಅಂತ ಹೇಳಿ, ಅದಕ್ಕೇ ಅಂತ ಬೇರೆ ದುಡ್ಡು ತಗೊಂಡಿದಾರೆ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮ, ಇವನು ಸ್ಟೇಜ್ ಮೇಲೆ ನುಡಿಸಬೇಕು. ಪ್ರಾಕ್ಟೀಸ್ ಮಾಡೋವಾಗ ಒಂದೇ ಸಮ ಗುಂಯ್ ಅನ್ನುತ್ತೆ, ವಾಲ್ಯೂಮ್ ಏರಿಸಿದ್ರೆ ಕೀಚ್ ಅಂತ ಕಿರುಚುತ್ತೆ. "ಮೂರೂ ಪಿಕಪ್ ಕಿತ್ತಾಕಿ ಹೊಸದು ಹಾಕ್ಸೋಣ, ಇಲ್ಲಾಂದ್ರೆ ಇದನ್ನ ಮಾರೇಬಿಡ್ತೀನಿ ಅಣ್ಣ" ಅಂತ ತಂದುಕೊಟ್ಟ. ಊರಿಗೆ ದುಡ್ಡು ಕಳಿಸಿ, ಬಾಡಿಗೆ ಕೊಟ್ಟು, ಉಳಿದಿದ್ದರಲ್ಲಿ ಮಾಡಬೇಕಾದ ಖರ್ಚು ಇದು. ಸುಮ್ಮನೆ ಹೂಂ ಅನ್ನೋಕೆ ಆಗಲ್ಲ.

ಪಿಕಪ್ ಅಂದ್ರೆ ಏನು

ಎರಡೇ ನಿಮಿಷದಲ್ಲಿ ಮುಗಿಸ್ತೀನಿ. ಒಂದು ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ವೈರು. ಅಷ್ಟೇ. ಮೇಲಿರೋ ಉಕ್ಕಿನ ತಂತಿ ಅಲುಗಾಡಿದಾಗ ಆಯಸ್ಕಾಂತದ ಕ್ಷೇತ್ರ ಏರುಪೇರಾಗುತ್ತೆ, ಸುರುಳಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತೆ. 1831ರಲ್ಲಿ ಫ್ಯಾರಡೆ ತೋರಿಸಿದ ತತ್ವ, ನಾವು ಪಿಯುಸಿಯಲ್ಲಿ ಓದಿದ್ದೇ. ಅದಕ್ಕೇ ನೈಲಾನ್ ತಂತಿ ಗಿಟಾರಿಗೆ ಈ ಪಿಕಪ್ ಕೆಲಸ ಮಾಡಲ್ಲ.

ಒಂದೇ ಸುರುಳಿ ಇದ್ರೆ ಸಿಂಗಲ್ ಕಾಯಿಲ್. ಸುರುಳಿಗೆ ತಂತಿಯ ಕಂಪನ ಬೇರೆ, ಗೋಡೆ ವೈರಿಂಗಿನ 50 ಹರ್ಟ್ಸ್ ಬೇರೆ ಅನ್ನೋ ಭೇದ ಇಲ್ಲ, ಎರಡನ್ನೂ ಹಿಡಿಯುತ್ತೆ. ಆ ಗುಂಯ್ ಅಲ್ಲಿಂದ ಬರೋದು. ಗಿಬ್ಸನ್ ಕಂಪನಿಯ ಇಂಜಿನಿಯರ್ ಸೆತ್ ಲವರ್ ಎರಡು ಸುರುಳಿ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಆಯಸ್ಕಾಂತದ ಧ್ರುವ ಮತ್ತು ಸುತ್ತಿನ ದಿಕ್ಕು ಎರಡನ್ನೂ ತಿರುಗಿಸಿದ್ರು. ತಂತಿಯ ಸಿಗ್ನಲ್ ಕೂಡಿಕೊಳ್ಳುತ್ತೆ, ಗುಂಯ್ ಒಂದನ್ನೊಂದು ಕಳೆದುಕೊಳ್ಳುತ್ತೆ. ಹಮ್ ಅನ್ನ ತಡೆಯೋದು ಹಮ್‌ಬಕರ್. 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು, ಸಿಕ್ಕಿದ್ದು 1959ರಲ್ಲಿ. ನಡುವೆ ಬಂದ ಪಿಕಪ್‌ಗಳ ಅಡಿಯಲ್ಲಿ "ಪೇಟೆಂಟ್ ಅಪ್ಲೈಡ್ ಫಾರ್" ಅಂತ ಚೀಟಿ ಇರ್ತಿತ್ತು. ಇವತ್ತು ಅಂಗಡಿಯಲ್ಲಿ "ಪಿಎಎಫ್ ಸ್ಟೈಲ್" ಅಂತಾರಲ್ಲ, ಅದು ಆ ಚೀಟಿಯ ಹೆಸರು.

ಸ್ಕ್ರೂಡ್ರೈವರ್ ಎತ್ತೋ ಮುಂಚೆ

ಮೊದಲು ಹೊಸ ತಂತಿ ಹಾಕಿ. ತುಕ್ಕು ಹಿಡಿದ ತಂತಿಗೆ ಯಾವ ಪಿಕಪ್ಪೂ ಜೀವ ತುಂಬಲ್ಲ.

ಎರಡನೇದು ಎತ್ತರ. ಕೊನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ಅಡಿಯಿಂದ ಪಿಕಪ್‌ವರೆಗೆ ಸ್ಕೇಲಿನಲ್ಲಿ ಅಳೀರಿ. ಸ್ಟ್ರಾಟ್ ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿ ಕಡೆ ಸುಮಾರು 2.4 ಮಿ.ಮೀ., ಸಣ್ಣ ತಂತಿ ಕಡೆ 2 ಮಿ.ಮೀ. ಇಂದ ಶುರು ಮಾಡಬಹುದು. ಬ್ರಿಜ್ ಹಮ್‌ಬಕರ್ ಇನ್ನೂ ಸ್ವಲ್ಪ ಹತ್ತಿರ, 1.6 ಇಂದ 2 ಮಿ.ಮೀ. ಈ ಗಿಟಾರಿನಲ್ಲಿ ಬ್ರಿಜ್ ಪಿಕಪ್ 4 ಮಿ.ಮೀ. ಕೆಳಗೆ ಕೂತಿತ್ತು, ನೆಕ್ ಪಿಕಪ್ ತಂತಿಗೆ ತಾಗೋ ಹಾಗಿತ್ತು. ಬ್ರಿಜ್ ಸದ್ದು ಬಡವಾಗಿ ಕೇಳ್ತಿದ್ದಿದ್ದಕ್ಕೆ ಅರ್ಧ ಕಾರಣ ಅದು. ಎರಡು ಸ್ಕ್ರೂ ತಿರುಗಿಸೋ ಕೆಲಸ, ಖರ್ಚು ಸೊನ್ನೆ.

ಗಮಕ ನುಡಿಸೋರು ಇಲ್ಲೊಂದು ವಿಷಯ ಗಮನಿಸಿ. ಮ್ಯಾಂಡೊಲಿನ್ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ, ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕರ್ನಾಟಕ ಸಂಗೀತವನ್ನ ಕಛೇರಿ ಮಟ್ಟಕ್ಕೆ ತಂದಿದಾರೆ. ಆ ಹಾದಿಯಲ್ಲಿ ಹೋಗೋರಿಗೆ ಸ್ವರ ನಿಲ್ಲಬೇಕು, ಶುದ್ಧವಾಗಿ ನಿಲ್ಲಬೇಕು. ಸಿಂಗಲ್ ಕಾಯಿಲ್‌ನ ಕಡ್ಡಿ ಆಯಸ್ಕಾಂತಗಳು ತಂತಿಗೆ ತೀರಾ ಹತ್ತಿರ ಇದ್ರೆ ತಂತಿಯನ್ನೇ ಎಳೀತವೆ, ಸ್ವರ ಒಡೆದು ಎರಡು ಸ್ವರದ ಹಾಗೆ ತೊನೆದಾಡುತ್ತೆ. ಶ್ರುತಿ ಸರಿಯಿಲ್ಲ ಅಂತ ಟ್ಯೂನರ್ ತಿರುಗಿಸ್ತಾ ಕೂರೋ ಬದಲು ಪಿಕಪ್ ಒಂದು ಮಿಲಿಮೀಟರ್ ಇಳಿಸಿ ನೋಡಿ.

ಮೂರನೇದು ಗುಂಯ್. ತಂತಿ ಮುಟ್ಟಿದಾಗ ಸದ್ದು ಕಮ್ಮಿಯಾದ್ರೆ ಒಳಗಿನ ಅರ್ತ್ ವೈರು ಸರಿ ಇದೆ. ಮುಟ್ಟಿದಾಗ ಜಾಸ್ತಿಯಾದ್ರೆ ಬ್ರಿಜ್‌ಗೆ ಹೋಗೋ ವೈರು ಬಿಟ್ಟಿರೋ ಸಾಧ್ಯತೆ ಹೆಚ್ಚು. ಮುಟ್ಟಿದಾಗ ಜುಮ್ ಅಂತ ಶಾಕ್ ಹೊಡೆದ್ರೆ ಮಾತ್ರ ಆಟ ಬೇಡ. ತಕ್ಷಣ ಪ್ಲಗ್ ತೆಗೀರಿ, ಮನೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಪಿಜಿಗಳಲ್ಲಿ ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬೋರ್ಡಿಗೆ ಲ್ಯಾಪ್‌ಟಾಪ್, ಆಂಪ್ ಎಲ್ಲಾ ಸಿಗಿಸಿರ್ತೀವಿ. ನಮ್ಮ ಹುಡುಗನ ರೂಮಿನಲ್ಲೂ ಅದೇ ಇತ್ತು. ಅರ್ತ್ ಇರೋ ಸಾಕೆಟ್ಟಿಗೆ ಬದಲಿಸಿ, ಮಾನಿಟರಿನಿಂದ ನಾಲ್ಕು ಅಡಿ ದೂರ ಕೂತ್ಕೊಂಡಾಗ ಗುಂಯ್ ಅರ್ಧಕ್ಕೆ ಇಳೀತು.

ಮೀಟರ್ ಹೇಳೋದು

ಈಗ ಗುರುತಿಸೋ ಕೆಲಸ. ಗಿಟಾರ್ ಬಿಚ್ಚೋದೇ ಬೇಡ. ಕೇಬಲ್ಲಿನ ಒಂದು ತುದಿ ಗಿಟಾರಿಗೆ ಹಾಕಿ, ವಾಲ್ಯೂಮ್ ಪೂರ್ತಿ ತೆರೆದು, ಇನ್ನೊಂದು ತುದಿಯ ಜ್ಯಾಕಿನ ತುದಿಗೆ ಮಲ್ಟಿಮೀಟರಿನ ಒಂದು ಕಡ್ಡಿ, ಕೊಳವೆ ಭಾಗಕ್ಕೆ ಇನ್ನೊಂದು ಕಡ್ಡಿ ಹಿಡೀರಿ. ಮೀಟರ್ 20 ಕಿಲೋ ಓಮ್ ರೇಂಜಿನಲ್ಲಿರಲಿ. ಸೆಲೆಕ್ಟರ್ ಸ್ವಿಚ್ಚಿನಲ್ಲಿ ಒಂದೊಂದೇ ಪಿಕಪ್ ಆರಿಸಿ ಅಂಕಿ ಬರ್ಕೊಳ್ಳಿ. ವಾಲ್ಯೂಮ್ ಪಾಟ್ ಸಮಾನಾಂತರವಾಗಿ ಇರೋದ್ರಿಂದ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತೆ. 8 ಕಿಲೋ ಓಮ್ ಪಿಕಪ್ 250 ಕೆ ಪಾಟ್ ಜೊತೆ 7.75 ತೋರಿಸುತ್ತೆ, ಅಷ್ಟೇ ವ್ಯತ್ಯಾಸ. ಬ್ಯಾಟರಿ ಹಾಕೋ ಆಕ್ಟಿವ್ ಪಿಕಪ್‌ಗಳಿಗೆ ಮಾತ್ರ ಈ ಉಪಾಯ ನಡೆಯಲ್ಲ.

ಸಾಮಾನ್ಯ ಅಂಕಿಗಳು ತಲೆಯಲ್ಲಿರಲಿ. ಹಳೇ ಸ್ಟ್ರಾಟ್ ಮಾದರಿಯ ಸಿಂಗಲ್ ಕಾಯಿಲ್ 5.5 ಇಂದ 6.5 ಕಿಲೋ ಓಮ್. ಪಿಎಎಫ್ ಮಾದರಿ ಹಮ್‌ಬಕರ್ 7 ಇಂದ 8.5. ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಶನ್ 13ರಿಂದ 14ರ ನಡುವೆ. ಸೆಮೂರ್ ಡಂಕನ್ ಜೆಬಿ ಸುಮಾರು 16.4. ಮೀಟರ್ 250 ಅಥವಾ 500 ಕಿಲೋ ಓಮ್ ತೋರಿಸಿದ್ರೆ ಸುರುಳಿ ಎಲ್ಲೋ ತುಂಡಾಗಿದೆ, ನೀವು ಅಳೀತಿರೋದು ಬರೀ ಪಾಟ್ ಅಂತ ಅರ್ಥ.

ನಮ್ಮ ಹುಡುಗನ ಗಿಟಾರ್: ನೆಕ್ 5.7, ಮಧ್ಯ 5.8, ಬ್ರಿಜ್ 7.6. ಅಲ್ಲಿ ಇರೋದು ನಿಜವಾಗ್ಲೂ ಜೆಬಿ ಆಗಿದ್ರೆ 15.4ರ ಹತ್ತಿರ ಬರಬೇಕಿತ್ತು. ಹಾಗಂತ ತಕ್ಷಣ "ಮೋಸ" ಅಂತ ಕೂಗೋ ಹಾಗಿಲ್ಲ. 7.6 ಅಂದ್ರೆ ಹೆಚ್ಚೂಕಡಿಮೆ ಅರ್ಧ. ಹಮ್‌ಬಕರಿನ ಒಂದು ಸುರುಳಿ ಮಾತ್ರ ಕೆಲಸ ಮಾಡೋ ಹಾಗೆ ಯಾರೋ ವೈರ್ ಮಾಡಿದ್ರೂ ಇದೇ ಅಂಕಿ ಬರುತ್ತೆ. ಅದನ್ನ ನೋಡೋಕೆ ಆಂಪ್ ಆನ್ ಮಾಡಿ, ವಾಲ್ಯೂಮ್ ಕಡಿಮೆ ಇಟ್ಟು, ಸ್ಕ್ರೂಡ್ರೈವರ್ ತುದಿಯಿಂದ ಒಂದೊಂದು ಸುರುಳಿಯ ಮೊಳೆಗಳನ್ನೂ ಮೆಲ್ಲಗೆ ತಟ್ಟಬೇಕು. ಸತ್ತ ಸುರುಳಿ ಹೆಚ್ಚುಕಮ್ಮಿ ಸುಮ್ಮನಿರುತ್ತೆ. ಇಲ್ಲಿ ಎರಡೂ ಟಕ್ ಟಕ್ ಅಂತ ಜೋರಾಗಿ ಕೇಳಿದ್ವು. ಆಮೇಲೆ ಬಿಚ್ಚಿ ನೋಡಿದ್ವಿ. ಅಡಿಯಲ್ಲಿ ಹೆಸರಿಲ್ಲ, ಚೀಟಿ ಇಲ್ಲ, ಅಗ್ಗದ ಪಿಕಪ್‌ಗಳಲ್ಲಿ ಬರೋ ಸೆರಾಮಿಕ್ ಪಟ್ಟಿ ಆಯಸ್ಕಾಂತ, ಹೊರಗೆ ಬರೋದು ಎರಡೇ ವೈರು. ಜೆಬಿ ಅಲ್ಲ. ಈ ಅಂಕಿ, ಫೋಟೋ ಎಲ್ಲಾ ಇಟ್ಕೊಂಡು ಅವನು ಮಾರಿದವರಿಗೆ ಫೋನ್ ಮಾಡ್ದ. ಒಂದು ಸಲ ಎತ್ತಿದ್ರು, ಆಮೇಲೆ ಎತ್ತಲೇ ಇಲ್ಲ.

ಅದಕ್ಕೇ ಹೇಳೋದು, ಸೆಕೆಂಡ್ ಹ್ಯಾಂಡ್ ಗಿಟಾರ್ ನೋಡೋಕೆ ಹೋಗೋವಾಗ ಬ್ಯಾಗಿನಲ್ಲಿ ಒಂದು ಕೇಬಲ್, ಒಂದು ಸಣ್ಣ ಮಲ್ಟಿಮೀಟರ್ ಇರಲಿ. ದುಡ್ಡು ಕೊಡೋ ಮುಂಚೆ ಎರಡು ನಿಮಿಷದ ಕೆಲಸ.

ಆದ್ರೆ ಆ ಬಿಚ್ಚಾಟದಲ್ಲಿ ಒಳ್ಳೇ ಸುದ್ದಿಯೂ ಸಿಕ್ತು. ನೆಕ್ ಮತ್ತು ಮಧ್ಯದ ಸಿಂಗಲ್ ಕಾಯಿಲ್ ತಿರುಗಿಸಿ ನೋಡಿದ್ರೆ ಅಡಿಯಲ್ಲಿ ಪಟ್ಟಿ ಇಲ್ಲ, ಆರು ಕಡ್ಡಿಗಳೇ ಆಯಸ್ಕಾಂತ. ಅಲ್ನಿಕೊ, ಅಂದ್ರೆ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಸೇರಿಸಿದ ಮಿಶ್ರಲೋಹ. ಅಗ್ಗದ ಗಿಟಾರುಗಳಲ್ಲಿ ಕಡ್ಡಿ ಬರೀ ಉಕ್ಕು ಇರುತ್ತೆ, ಅಡಿಯಲ್ಲಿ ಸೆರಾಮಿಕ್ ಪಟ್ಟಿ ಅಂಟಿಸಿರ್ತಾರೆ. ಇವನು ಕಿತ್ತು ಬಿಸಾಕಬೇಕು ಅಂತಿದ್ದ ಮೂರರಲ್ಲಿ ಎರಡು ಒಳ್ಳೇ ಪಿಕಪ್.

ಮೀಟರ್ ಹೇಳದೇ ಇರೋದು

ಇಲ್ಲಿ ಬಹಳ ಜನ ಎಡವೋ ಜಾಗ ಇದೆ. ಕಿಲೋ ಓಮ್ ಜಾಸ್ತಿ ಇದ್ರೆ ಪಿಕಪ್ ಜಾಸ್ತಿ ಶಕ್ತಿಶಾಲಿ ಅನ್ನೋ ಲೆಕ್ಕ ಪೂರ್ತಿ ಸರಿಯಲ್ಲ. 42 ಗೇಜ್ ವೈರಿನ ದಪ್ಪ ಸುಮಾರು 0.063 ಮಿ.ಮೀ., 44 ಗೇಜ್ ಸುಮಾರು 0.05. ಅಷ್ಟೇ ಉದ್ದದ ವೈರಿಗೆ 44 ಗೇಜಿನಲ್ಲಿ ರೆಸಿಸ್ಟೆನ್ಸ್ ಒಂದೂವರೆ ಪಟ್ಟು ಬರುತ್ತೆ, ಸದ್ದು ಒಂದೂವರೆ ಪಟ್ಟು ಬರಲ್ಲ. ಹವಾಮಾನವೂ ಸೇರಿಕೊಳ್ಳುತ್ತೆ. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಶೇಕಡ ಏರುತ್ತೆ. 20 ಡಿಗ್ರಿಯಲ್ಲಿ 16.4 ಇರೋ ಪಿಕಪ್ ಚೆನ್ನೈನ ಏಸಿ ಇಲ್ಲದ ರೂಮಿನಲ್ಲಿ 35 ಡಿಗ್ರಿಗೆ 17.3 ದಾಟುತ್ತೆ. ಅಂಕಿ ಸ್ವಲ್ಪ ಹೆಚ್ಚುಕಡಿಮೆ ಬಂದ್ರೆ ನಕಲಿ ಅಂತ ತೀರ್ಮಾನ ಮಾಡ್ಬೇಡಿ.

ಸದ್ದಿನ ಬಣ್ಣ ತೀರ್ಮಾನ ಆಗೋದು ಬೇರೆ ಕಡೆ. ಪಿಕಪ್ಪಿನ ಇಂಡಕ್ಟೆನ್ಸ್, ಕೇಬಲ್ಲಿನ ಕೆಪಾಸಿಟೆನ್ಸ್ ಎರಡೂ ಸೇರಿ ಒಂದು ಫಿಲ್ಟರ್ ಆಗುತ್ತೆ. ಅದು ಒಂದು ಫ್ರೀಕ್ವೆನ್ಸಿಯನ್ನ ಎತ್ತಿ ತೋರಿಸಿ ಅದರ ಮೇಲಿನದನ್ನೆಲ್ಲ ಕತ್ತರಿಸುತ್ತೆ. 600 ಪಿಕೋಫ್ಯಾರಡ್ ಕೇಬಲ್ ಇಟ್ಟು ಲೆಕ್ಕ ಹಾಕಿ: 2.4 ಹೆನ್ರಿಯ ಸ್ಟ್ರಾಟ್ ಪಿಕಪ್‌ಗೆ ಆ ಶಿಖರ 4,200 ಹರ್ಟ್ಸ್ ಹತ್ತಿರ, 4.4 ಹೆನ್ರಿಯ ಪಿಎಎಫ್ ಮಾದರಿಗೆ 3,100, 8 ಹೆನ್ರಿಯ ಬಿಸಿ ಪಿಕಪ್‌ಗೆ 2,300. ಸುತ್ತು ಹೆಚ್ಚಿದಷ್ಟೂ ಸದ್ದು ದಪ್ಪ, ಜೊತೆಗೆ ಮೇಲಿನ ಹೊಳಪು ಕಡಿಮೆ. ಎರಡೂ ಒಟ್ಟಿಗೆ ಬರುತ್ತೆ, ಒಂದನ್ನ ಮಾತ್ರ ಕೊಂಡ್ಕೊಳ್ಳೋಕೆ ಆಗಲ್ಲ.

ಯಾವುದನ್ನ ತರೋದು

ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಶನ್ ಬಂದಿದ್ದು 1972ರಲ್ಲಿ. ಪಿಕಪ್ ಬದಲಿಸೋ ಮಾರುಕಟ್ಟೆ ಬೆಳೆದಿದ್ದೇ ಅಲ್ಲಿಂದೀಚೆಗೆ. ಆಗಿನ ವಾಲ್ವ್ ಆಂಪ್‌ಗಳನ್ನ ಒಡೆದ ಸದ್ದಿಗೆ ತಳ್ಳೋಕೆ ಗಿಟಾರಿನಿಂದಲೇ ಜೋರು ಸಿಗ್ನಲ್ ಬೇಕಿತ್ತು. ಹೈ ಔಟ್‌ಪುಟ್ ಪಿಕಪ್ ಹುಟ್ಟಿದ್ದು ಆ ಅಗತ್ಯಕ್ಕೆ.

ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ವಾಲ್ವ್ ಆಂಪ್ ಇದೆ? ಪಕ್ಕದ ಫ್ಲ್ಯಾಟಿನ ಆಂಟಿ ಬಾಗಿಲು ಬಡಿಯೋ ಭಯಕ್ಕೆ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್, ಲ್ಯಾಪ್‌ಟಾಪಿನಲ್ಲಿ ಆಂಪ್ ಸಾಫ್ಟ್‌ವೇರ್. ಸ್ಟೇಜಿಗೂ ಪ್ರೊಸೆಸರ್ ಪೆಡಲ್ಲಿಂದ ನೇರ ಮಿಕ್ಸರಿಗೆ. ಅಲ್ಲಿ ಗೇನ್ ಅನ್ನೋದು ಒಂದು ನಾಬ್, ಬಿಟ್ಟಿ ಸಿಗುತ್ತೆ. ಅತಿ ಬಿಸಿ ಪಿಕಪ್ ಇದ್ರೆ ಇಂಟರ್‌ಫೇಸಿನ ಇನ್‌ಪುಟ್ಟೇ ಕೆಂಪು ಲೈಟ್ ತೋರಿಸಿ ಸದ್ದು ಒಡೆಯಬಹುದು. ಪಿಕಪ್ ಕೊಟ್ಟ ಹೊಳಪನ್ನ ಸಾಫ್ಟ್‌ವೇರಿನಲ್ಲಿ ಕಡಿಮೆ ಮಾಡೋದು ಸುಲಭ. ಪಿಕಪ್ಪೇ ಕತ್ತರಿಸಿದ್ದನ್ನ ವಾಪಸ್ ತರೋದು ಕಷ್ಟ, ಈಕ್ಯೂ ಎತ್ತಿದ್ರೆ ಜೊತೆಗೆ ಗದ್ದಲವೂ ಏಳುತ್ತೆ. ಆದ್ದರಿಂದ ಮನೆಯಲ್ಲಿ ಸಾಫ್ಟ್‌ವೇರ್ ಜೊತೆ ನುಡಿಸೋ ಬಹುಪಾಲು ಜನರಿಗೆ ನನ್ನ ಸಲಹೆ ಮಧ್ಯಮ ಔಟ್‌ಪುಟ್.

ಹಾಗಾದ್ರೆ ನಮ್ಮ ಹುಡುಗನ 7.6 ಸಾಕಲ್ವಾ? ಔಟ್‌ಪುಟ್ ದೃಷ್ಟಿಯಿಂದ ಸಾಕಿತ್ತು. ಆದ್ರೆ ಆ ಕಿರುಚಾಟ ಇದೆಯಲ್ಲ. ಗೇನ್ ಏರಿಸಿ, ತಂತಿಗಳನ್ನ ಅಂಗೈಲಿ ಮುಚ್ಚಿ ಹಿಡಿದು, ಪಿಕಪ್ ಹತ್ತಿರ ಬಾಯಿಟ್ಟು "ಹಲೋ" ಅಂದ್ವಿ. ಸ್ಪೀಕರಿನಲ್ಲಿ ಹಲೋ ಕೇಳಿಸ್ತು! ಒಳಗಿನ ಸುರುಳಿ ಸಡಿಲ ಇದೆ, ಪಿಕಪ್ ಮೈಕಿನ ಹಾಗೆ ವರ್ತಿಸ್ತಾ ಇದೆ ಅಂತ ಅರ್ಥ. ಸ್ಟೇಜ್ ಮೇಲೆ ಮಾನಿಟರ್ ಎದುರು ನಿಂತ್ರೆ ಇದು ಕಿರುಚದೆ ಬಿಡಲ್ಲ. ಒಳ್ಳೇ ತಯಾರಕರು ಇದನ್ನ ತಡೆಯೋಕೆ ಸುರುಳಿಯನ್ನ ಕರಗಿದ ಮೇಣದಲ್ಲಿ ಅದ್ದಿರ್ತಾರೆ. ಮನೆಯಲ್ಲೂ ಮಾಡಬಹುದು ಅಂತ ವಿಡಿಯೋಗಳಿವೆ. ಗ್ಯಾಸ್ ಒಲೆ ಮೇಲೆ ಮೇಣ ಕಾಯಿಸೋ ಸಾಹಸ ಬೇಡ, ಬೆಂಕಿ ಹತ್ತುತ್ತೆ, ಬಿಸಿ ಹೆಚ್ಚಾದ್ರೆ ಪ್ಲಾಸ್ಟಿಕ್ ಬಾಬಿನ್ ಕೂಡ ಸೊಟ್ಟಗಾಗುತ್ತೆ.

ಅಲ್ಲಿಗೆ ಪಟ್ಟಿ ಎಷ್ಟು ಸಣ್ಣದಾಯ್ತು ನೋಡಿ. ಬೇಕಾಗಿರೋದು ಒಂದೇ ಪಿಕಪ್, ಬ್ರಿಜ್‌ಗೆ. ಮೇಣದಲ್ಲಿ ಅದ್ದಿದ್ದು. ಪಕ್ಕದ 5.8 ಸಿಂಗಲ್ ಕಾಯಿಲ್ ಜೊತೆ ಸ್ವಿಚ್ ಬದಲಿಸಿದಾಗ ಸದ್ದು ಎಗರಬಾರದು, ಹಾಗಾಗಿ 8 ಇಂದ 9 ಕಿಲೋ ಓಮ್, ಅಲ್ನಿಕೊ 5 ಆಯಸ್ಕಾಂತ. ನಾಲ್ಕು ವೈರಿನದು ಆದ್ರೆ ಮುಂದೆ ಒಂದೇ ಸುರುಳಿ ಬಳಸೋ ಸೌಕರ್ಯ ಸಿಗುತ್ತೆ. ಕೊನೇದು ಅಳತೆ. ಬ್ರಿಜ್ ಪಿಕಪ್ ಮೇಲೆ ಮೊದಲನೇ ತಂತಿಯಿಂದ ಆರನೇ ತಂತಿವರೆಗೆ ಸ್ಕೇಲ್ ಇಡಿ. ಗಿಬ್ಸನ್ ಮಾದರಿಯಲ್ಲಿ 50 ಮಿ.ಮೀ. ಆಸುಪಾಸು, ಸ್ಟ್ರಾಟ್ ಮಾದರಿಯಲ್ಲಿ 52–53 ಬರುತ್ತೆ. ಎರಡು ಅಗಲದಲ್ಲೂ ಸಿಗುತ್ತೆ, ಆರ್ಡರ್ ಮಾಡೋ ಮುಂಚೆ ನೋಡಿ. ಪಿಕಪ್ಪಿನ ಕಾಲು ಎಷ್ಟು ಉದ್ದ, ಮರದಲ್ಲಿ ಕೊರೆದಿರೋ ಗುಂಡಿ ಎಷ್ಟು ಆಳ ಅನ್ನೋದನ್ನೂ ಅಳೀರಿ.

ಹೊಸ ಪಿಕಪ್ ಹಾಕೋವಾಗ

ಬಿಚ್ಚೋ ಮುಂಚೆ ಪ್ರತಿ ಬೆಸುಗೆಯ ಫೋಟೋ ತೆಗೀರಿ. ಬೆಸುಗೆ ಸಾಮಾನು, ಪಾಟ್, ತಾಮ್ರದ ಟೇಪ್ ಎಲ್ಲಾ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತೆ: ಪುಣೆಯಲ್ಲಿ ಬುಧವಾರ ಪೇಟೆ, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರೋಡ್, ಚೆನ್ನೈನಲ್ಲಿ ರಿಚಿ ಸ್ಟ್ರೀಟ್, ಹೈದರಾಬಾದಿನಲ್ಲಿ ಕೋಠಿ, ದೆಹಲಿಯಲ್ಲಿ ಲಾಜಪತ್ ರಾಯ್ ಮಾರ್ಕೆಟ್. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್ ಇದ್ದೇ ಇದೆ.

ವೈರಿನ ಬಣ್ಣ ನಂಬಿ ಬೆಸುಗೆ ಹಾಕ್ಬೇಡಿ. ಸೆಮೂರ್ ಡಂಕನ್‌ನಲ್ಲಿ ಕಪ್ಪು ಸಿಗ್ನಲ್, ಹಸಿರು ಅರ್ತ್, ಕೆಂಪು–ಬಿಳಿ ಒಟ್ಟಿಗೆ ಸೇರಿಸೋದು. ಡಿಮಾರ್ಜಿಯೊದಲ್ಲಿ ಕೆಂಪು ಸಿಗ್ನಲ್, ಹಸಿರು ಅರ್ತ್, ಕಪ್ಪು–ಬಿಳಿ ಸೇರಿಸೋದು. ಅದೇ ಬಣ್ಣ, ಅರ್ಥ ಬೇರೆ. ತಯಾರಕರ ಚಿತ್ರ ಎದುರಿಗೆ ಇಟ್ಕೊಳ್ಳಿ.

ಬೇರೆ ಬೇರೆ ಕಂಪನಿಯ ಪಿಕಪ್ ಸೇರಿಸಿದಾಗ ಫೇಸ್ ನೋಡ್ಲೇಬೇಕು. ಮೀಟರನ್ನ ಪಿಕಪ್ಪಿನ ಎರಡು ವೈರಿಗೆ ಹಿಡಿದು, ಉಕ್ಕಿನ ಸ್ಕ್ರೂಡ್ರೈವರನ್ನ ಮೊಳೆಗಳ ಮೇಲೆ ಮಲಗಿಸಿ ಪಟ್ ಅಂತ ಎತ್ತಿ. ಅಂಕಿ ಒಂದು ಕ್ಷಣ ಮೇಲಕ್ಕೋ ಕೆಳಕ್ಕೋ ಹಾರುತ್ತೆ. ಎಲ್ಲಾ ಪಿಕಪ್‌ಗಳೂ ಒಂದೇ ಕಡೆ ಹಾರಬೇಕು. ಹೊಸದು ಉಲ್ಟಾ ಹಾರಿದ್ರೆ, ನಾಲ್ಕು ವೈರಿನ ಪಿಕಪ್ ಆದ್ರೆ ಅದರ ಸಿಗ್ನಲ್ ಮತ್ತು ಅರ್ತ್ ವೈರು ಅದಲು ಬದಲು ಮಾಡಿ, ಹೊದಿಕೆ ಇಲ್ಲದ ಬರೀ ತಂತಿ ಮಾತ್ರ ಅರ್ತ್‌ನಲ್ಲೇ ಇರಲಿ. ಈ ಪರೀಕ್ಷೆ ಬಿಟ್ರೆ, ಎರಡು ಪಿಕಪ್ ಒಟ್ಟಿಗೆ ಬಂದಾಗ ಸದ್ದು ತೆಳ್ಳಗೆ ಮೂಗಿನಲ್ಲಿ ಹಾಡಿದ ಹಾಗೆ ಬರುತ್ತೆ. "ಹೊಸ ಪಿಕಪ್ ಚೆನ್ನಾಗಿಲ್ಲ" ಅಂತ ಅದನ್ನೂ ಮಾರ್ತೀರಿ!

ಕೊನೇದಾಗಿ ಪಾಟ್. ಸಾಮಾನ್ಯವಾಗಿ ಸಿಂಗಲ್ ಕಾಯಿಲ್‌ಗೆ 250 ಕೆ, ಹಮ್‌ಬಕರ್‌ಗೆ 500 ಕೆ. ಚಿಕ್ಕ ಪಾಟ್ ಮೇಲಿನ ಹೊಳಪನ್ನ ಸ್ವಲ್ಪ ಅರ್ತ್‌ಗೆ ಇಳಿಸುತ್ತೆ. ಇದರಲ್ಲಿ 250 ಇದೆ. ಎರಡು ಸಿಂಗಲ್ ಕಾಯಿಲ್ ಚೆನ್ನಾಗಿ ಕೇಳ್ತಿರೋದ್ರಿಂದ ಹಾಗೇ ಬಿಟ್ವಿ. ಬ್ರಿಜ್‌ಗೆ ಹೊಳಪು ಸಾಲದು ಅನ್ಸಿದ್ರೆ ಆಮೇಲೆ ನೋಡೋಣ ಅಂತ. ಗುಂಡಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ ಅರ್ತ್‌ಗೆ ಸೇರಿಸಿದ್ವಿ, ಉಳಿದ ಗುಂಯ್‌ನಲ್ಲಿ ಇನ್ನಷ್ಟು ಇಳೀತು.

ಮೂರು ಪಿಕಪ್ಪಿನ ಖರ್ಚು ಒಂದಕ್ಕೆ ಇಳಿದಿದೆ, ಗಿಟಾರ್ ಮಾರೋ ಮಾತು ನಿಂತಿದೆ. ಈ ಶನಿವಾರ ಬೆಸುಗೆ ಕೆಲಸ ಅವನ ಕೈಯಲ್ಲೇ ಮಾಡಿಸ್ತೀನಿ, ಇನ್ನೊಂದು ಸಲ ಯಾರನ್ನೂ ಕೇಳೋ ಹಾಗಾಗಬಾರದು.

ನಿಮ್ಮ ಮನೆಯಲ್ಲಿ ಬೀರು ಮೇಲೆ ಮಲಗಿರೋ ಗಿಟಾರ್ ಇದ್ರೆ, ಕೆಳಗಿಳಿಸಿ, ಹೊಸ ತಂತಿ ಹಾಕಿ, ಅಂಕಿ ಬರ್ಕೊಳ್ಳಿ. ಮುಂದಿನ ಸಲ ಫ್ರೆಟ್ ಸವೆದಿರೋದನ್ನ ಹೇಗೆ ಗುರುತಿಸೋದು ಅಂತ ಮಾತಾಡೋಣ.